ದಂಡದ ಸುತ್ತು

ಮೈದಾನದಲ್ಲಿ ಹನ್ನೊಂದನೇ ನಂಬರಿನವಳು ತನ್ನ ಸಾಕ್ಸನ್ನು ಕೆಳಗಿಳಿಸಿದಾಗ ಗಂಟೆ ಮೂರೂ ಇಪ್ಪತ್ತು. ಗ್ಯಾಲರಿಯ ಎರಡನೇ ಸಾಲಿನಲ್ಲಿ ಕೂತಿದ್ದ ನಾನು ಎದ್ದು ನಿಂತೆ.

ಆ ಕಾಲಿಗೆ ಪಟ್ಟಿ ಕಟ್ಟಿದವಳು ನಾನು.

ಆದರೆ ಆ ಹುಡುಗಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಆ ದೇಶಕ್ಕೆ ಬಂದು ನನಗೆ ನಾಲ್ಕು ದಿನ, ಆ ಮೈದಾನಕ್ಕೆ ಬಂದು ಇಪ್ಪತ್ತೈದು ನಿಮಿಷ. ಯಾವುದಕ್ಕೂ ಇರಲಿ ಅಂತ ನನ್ನ ಬೆರಳುಗಳನ್ನು ಎಣಿಸಿಕೊಂಡೆ. ಹತ್ತೂ ನನ್ನ ಹತ್ತಿರವೇ ಇದ್ದವು.

"ಕೂತ್ಕೊಳ್ರೀ, ಹಿಂದಿನವರಿಗೆ ಕಾಣಲ್ಲ," ಅಂದರು ಪಕ್ಕದಲ್ಲಿದ್ದ ಫಾರಂ ಸಾಹೇಬರು.

ನಮ್ಮ ಹಿಂದೆ ಹನ್ನೆರಡು ಸಾಲು ಖಾಲಿ ಸಿಮೆಂಟು ಬೆಂಚುಗಳಿದ್ದವು. ಆದರೂ ಕೂತೆ.

ನಿನ್ನೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಮ್ಮ ಮಹಿಳಾ ಹಾಕಿ ತಂಡದ ಗೋಲ್‌ ಕೀಪರ್, ಎಲ್ಲರ ಬಾಯಲ್ಲಿ 'ಗೋಡೆ', ನನ್ನ ಅಕ್ಕನ ಮಗಳು, ಹೋಟೆಲಿನಿಂದ ಮಾಯವಾಗಿದ್ದಳು. ಇವತ್ತು ಸಂಜೆ ಆರರೊಳಗೆ ಅವಳು ಸಿಗದಿದ್ದರೆ ಫಾರಂ ಸಾಹೇಬರ ತೊಡೆಯ ಮೇಲಿದ್ದ ಕಾಗದ ಮೇಲಕ್ಕೆ ಹೋಗುತ್ತದೆ.

ಸಾಹೇಬರು ನಮ್ಮ ತಂಡದ ಮ್ಯಾನೇಜರು. ಗಂಟಲು ಕಟ್ಟಿದರೂ ನಮೂನೆ ತುಂಬಿಸಿಕೊಂಡೇ ಮಾತ್ರೆ ಕೊಡುವ ಮನುಷ್ಯ. ತೊಡೆಯ ಮೇಲಿದ್ದದ್ದು 'ತಂಡ ತೊರೆದು ಪರಾರಿಯಾದವರ ನಮೂನೆ', ಮೂರು ಪ್ರತಿ. ಅದು ಒಮ್ಮೆ ಹೋಯಿತೆಂದರೆ ಗೋಡೆ ಮತ್ತೆಂದೂ ನಮ್ಮ ಬಣ್ಣದ ಅಂಗಿ ಹಾಕುವಂತಿಲ್ಲ. ಸಾಯುವ ತನಕ ಯಾರೂ ಪಾಸ್‌ಪೋರ್ಟ್ ಕೊಡುವುದಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಅವಳ ಆಟ ಮುಗಿಯುತ್ತದೆ.

"ಆರರ ತನಕ ಕಾಯ್ತೀನಿ. ಆಮೇಲೆ ನನ್ನ ಕೈಲಿಲ್ಲ," ಅಂದರು.

"ಪೆನ್ನು ನಿಮ್ಮ ಕೈಲೇ ಇದೆಯಲ್ಲ ಸಾಹೇಬ್ರೇ?"

"ಪೆನ್ನಿದೆ. ಅಧಿಕಾರ ಇಲ್ಲ." ಪೆನ್ನಿಗೆ ಮುಚ್ಚಳ ಹಾಕಿ, "ನಿಮ್ಮ ಅಕ್ಕಂದೂ ನಾನೇ ತುಂಬಿದ್ದು. ಹದಿನೆಂಟು ವರ್ಷ ಆಯ್ತು. ಆಗ ನಾನು ಬರೀ ಗುಮಾಸ್ತ. ಒಂದೇ ಮನೇಗೆ ಎರಡನೇ ಸಲ ತುಂಬೋದು ಅಂದ್ರೆ ನನಗೂ ಬೇಜಾರೇ."

ಅವರಿಗೆ ನನ್ನ ಮೇಲೆ ಅನುಮಾನ. ಹುಡುಗಿಯನ್ನು ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಅಂತ. ವಿಶ್ರಾಂತಿಯ ದಿನ ಲೋಕಲ್ ಮ್ಯಾಚ್ ನೋಡಲು ಹೊರಟ ನನ್ನ ಹಿಂದೆ ಬೈನಾಕ್ಯುಲರ್ ಹಿಡಿದು ಬಂದದ್ದು ಅದಕ್ಕೇ.

ನಾನು ಬಂದದ್ದು ಎರಡು ವಿಷಯ ತಲೆ ತಿನ್ನುತ್ತಿದ್ದುದಕ್ಕೆ.

ಗೋಡೆ ಹೋಗುವಾಗ ಸೂಟ್‌ಕೇಸು ಬಿಟ್ಟಿದ್ದಳು. ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಶ್ಶು, ಎಲ್ಲ ಅಲ್ಲೇ. ತೆಗೆದುಕೊಂಡು ಹೋದದ್ದು ಗೋಲ್‌ ಕೀಪರ್ ಸಾಮಾನಿನ ಚೀಲ ಮಾತ್ರ. ಹೆಲ್ಮೆಟ್ಟು, ಕಾಲಿನ ದಪ್ಪ ಪ್ಯಾಡುಗಳು, ಎದೆಗವಚ ಎಲ್ಲ ಸೇರಿ ಅದು ಒಂದು ಎಳೆಗರುವಿನಷ್ಟು ಭಾರ, ಒಂದು ಎಳೆಗರುವಿನಷ್ಟೇ ಉದ್ದ. ಪರಾರಿಯಾಗುವವಳು ಬ್ರಶ್ಶು ಬಿಟ್ಟು ಕರು ಹೊತ್ತುಕೊಂಡು ಹೋಗುತ್ತಾಳೆಯೇ? ಅದನ್ನು ಹೊತ್ತವಳು ಹೋಟೆಲಿನ ಮುಂಬಾಗಿಲಲ್ಲಿ ಯಾರ ಕಣ್ಣಿಗೂ ಬೀಳದೆ ದಾಟಿದ್ದು ಹೇಗೆ?

ಎರಡನೆಯದು ನನ್ನ ಪಟ್ಟಿ ಡಬ್ಬದಲ್ಲಿ ಸಿಕ್ಕಿದ ಒಂದು ಕರಪತ್ರ. ಇವತ್ತಿನ ಈ ಲೋಕಲ್ ಮ್ಯಾಚಿನದು. ಹಿಂದುಗಡೆ ಪೆನ್ಸಿಲಿನಲ್ಲಿ ಗೋಡೆಯ ಕೋಳಿಕಾಲಿನ ಅಕ್ಷರ: "ಚಿಕ್ಕಮ್ಮ, ಮೂವತ್ತೊಂದನೇ ಕಥೆ ಇಲ್ಲಿದೆ."

ಮೊದಲ ಮೂವತ್ತು ಕಥೆ ಹೇಳಿದವಳು ನಾನು.

ಅಕ್ಕ ತಂಡದ ಜೊತೆ ಪರದೇಶಕ್ಕೆ ಹೋದವಳು ವಾಪಸ್ ಬರಲಿಲ್ಲ. ಆ ಪ್ರವಾಸದಲ್ಲಿ ತಂಡ ನಾಲ್ಕು ದೇಶ ಸುತ್ತಿತ್ತು. ಯಾವುದರಲ್ಲಿ ಉಳಿದಳೋ, ನಮೂನೆಯಲ್ಲಿ ಆ ಕಾಲಂ ಇರಲಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗು. ಅಪ್ಪನ ಮುಖವನ್ನಂತೂ ಅದು ನೋಡೇ ಇರಲಿಲ್ಲ. "ಓಡಿಹೋದ್ಲು ಅನ್ಬೇಡ, ಬಾಗಿಲು ನೋಡ್ತಾ ಕೂರುತ್ತೆ. ಸತ್ತೋದ್ಲು ಅನ್ನು. ಸತ್ತೋರಿಗೆ ಯಾರೂ ಕಾಯಲ್ಲ," ಅಂದಳು ಅಮ್ಮ. ನಾನು ಅಂದೆ.

ಮಗು ಹೇಗೆ ಅಂತ ಕೇಳಿತು.

ನನ್ನ ಬಾಯಿ ಗೊತ್ತಲ್ಲ. ಮೊದಲ ಸಲ ಹಡಗು ಮುಳುಗಿಸಿದೆ. ಎರಡನೇ ಸಲ ಕೇಳಿದಾಗ ಹಡಗು ಮರೆತುಹೋಗಿ, ಲಿಫ್ಟು ಹತ್ತಿದಳು, ಅದು ಮೇಲೆ ಹೋಯಿತು, ಕಟ್ಟಡ ಮುಗಿದರೂ ಹೋಗುತ್ತಲೇ ಇತ್ತು ಅಂದೆ. ಹದಿನೇಳನೆಯದರಲ್ಲಿ ತಿಮಿಂಗಿಲವೊಂದು ಅವಳನ್ನು ನುಂಗಿ, ಒಗ್ಗದೆ ಉಗುಳಿ, ಮರೆತ ಚಪ್ಪಲಿ ತರಲು ಅವಳೇ ಮತ್ತೆ ಒಳಗೆ ಹೋಗಿದ್ದಳು. ಹತ್ತು ವರ್ಷವಾದಾಗಿನಿಂದ ಗೋಡೆ ಅವುಗಳಿಗೆ ನಂಬರು ಹಾಕುತ್ತಾ ಬಂದಿದ್ದಳು. ಒಂದನ್ನೂ ನಂಬಿರಲಿಲ್ಲ. ಒಂದನ್ನೂ ಮರೆತಿರಲಿಲ್ಲ.

ಈಗ ಹನ್ನೊಂದನೇ ನಂಬರಿನವಳ ಕಾಲಿಗೆ ಬರೋಣ.

ಕಾಲು ಉಳುಕದಂತೆ ಆಟಗಾರರ ಪಾದದ ಗೆಣ್ಣಿಗೆ ಬಿಳಿ ಅಂಟುಪಟ್ಟಿ ಸುತ್ತುವುದು ನನ್ನ ಕಸುಬು. ತಂಡದಲ್ಲಿ ನನ್ನನ್ನು ಪಟ್ಟಿಯಮ್ಮ ಅನ್ನುತ್ತಾರೆ. ಒಮ್ಮೆ ಬಿರುಕು ಬಿಟ್ಟ ಗೋಲ್‌ ಕಂಬಕ್ಕೆ ಕಟ್ಟಿದ್ದೆ, ಇವತ್ತಿಗೂ ಆ ಕಂಬ ಕುಂಟುವುದಿಲ್ಲ.

ಈ ಕಸುಬನ್ನು ನನಗೆ ಕಲಿಸಿದವಳು ಅಕ್ಕ. ಅಕ್ಕ ಕಲಿತದ್ದು ಮನೆಯ ಊಟದ ಕುರ್ಚಿಯ ಕಾಲಿನ ಮೇಲೆ. ಕುರ್ಚಿಗೆ ಗೆಣ್ಣು ಇದೆ ಅಂದುಕೊಳ್ಳಬಹುದು, ಆದರೆ ಹಿಮ್ಮಡಿ ಎಲ್ಲಿಂದ ತರುವುದು? ಸುತ್ತಿದ ಪಟ್ಟಿ ಜಾರಿ ನೆಲಕ್ಕೆ ಬರುತ್ತಿತ್ತು. ಅದಕ್ಕೆ ಅವಳು ನಾಲ್ಕು ಬೆರಳು ಮೇಲೆ ಒಂದು ಹೆಚ್ಚಿನ ಸುತ್ತು ಹಾಕಿ ನಿಲ್ಲಿಸಿದಳು. ಮನುಷ್ಯರ ಕಾಲಿಗೆ ಅದು ಬೇಕಾಗಿಲ್ಲ. ಹಿಮ್ಮಡಿಯೇ ಹಿಡಿದುಕೊಳ್ಳುತ್ತದೆ. ಆದರೆ ನಮ್ಮಿಬ್ಬರ ಕೈಗೂ ಅದು ಹತ್ತಿಬಿಟ್ಟಿತ್ತು. ವರ್ಷಗಳ ನಂತರ ತಂಡದ ಡಾಕ್ಟರೊಬ್ಬರು ನೋಡಿ, "ಇದೇನಮ್ಮ ದಂಡದ ಸುತ್ತು?" ಅಂದರು. ಬಿಡಲಾಗಲಿಲ್ಲ. ಹಾಕದಿದ್ದರೆ ಬಾಗಿಲು ಹಾಕದೆ ಮಲಗಿದ ಹಾಗಾಗುತ್ತದೆ.

ಇನ್ನೊಂದು ಗುರುತಿದೆ. ಕುರ್ಚಿಯ ಪಟ್ಟಿ ಬಿಡಿಸಲು ಹೋಗಿ ಅಮ್ಮ ಒಂದು ದಿನ ಚಾಕುವಿನಿಂದ ಎಡಗೈ ಹೆಬ್ಬೆರಳು ಸೀಳಿಕೊಂಡಳು. ಆ ಓರೆ ಗೀರು ಇವತ್ತಿಗೂ ಹೋಗಿಲ್ಲ. ಅವತ್ತಿನಿಂದ ಅಕ್ಕ ಪಟ್ಟಿಯ ಕೊನೆಯನ್ನು ಮಡಚಿ ಚೂಪಾದ ಪುಟ್ಟ ಕಿವಿ ಮಾಡಿಡುತ್ತಿದ್ದಳು. ಕಿವಿ ಹಿಡಿದು ಎಳೆದರೆ ಸಾಕು, ಪೂರ್ತಿ ಬಂದುಬಿಡುತ್ತದೆ.

ಹನ್ನೊಂದನೆಯವಳ ಗೆಣ್ಣಿನ ಮೇಲೆ ದಂಡದ ಸುತ್ತಿತ್ತು. ಹೊರಬದಿಗೆ ಕಿವಿ ನಿಮಿರಿಕೊಂಡು ನನ್ನನ್ನೇ ನೋಡುತ್ತಿತ್ತು.

ಪ್ರಪಂಚದಲ್ಲಿ ಈ ತಪ್ಪು ಮಾಡುವವರು ಇಬ್ಬರೇ. ಗೋಡೆಗೆ ಸ್ವಂತ ಶೂ ಲೇಸು ಕಟ್ಟಲು ಬರುವುದಿಲ್ಲ. ಅವಳಲ್ಲ.

ಅರ್ಧ ಆಟದ ಸೀಟಿ ಊದಿದ್ದೇ ತಡ ನಾನು ಮೆಟ್ಟಿಲಿಳಿದೆ.

"ಎಲ್ಲಿಗೆ?" ಅಂದರು ಸಾಹೇಬರು.

"ಬಾತ್‌ರೂಮಿಗೆ. ನಮೂನೆ ಇದೆಯಾ?"

ಅವರು ಒಂದು ಕ್ಷಣ ಚೀಲದ ಕಡೆ ನೋಡಿದರು. ಆ ಕ್ಷಣ ನನಗೆ ಸಾಕಾಗಿತ್ತು.

ಅಲ್ಲಿನವರ ಭಾಷೆ ನನಗೆ ಬರುವುದಿಲ್ಲ. ನಮ್ಮ ಕನ್ನಡ ಅವರಿಗೆ ಬರುವುದಿಲ್ಲ. ಎರಡೂ ಬರುವವನು ನಮ್ಮ ಬಸ್ಸಿನ ಡ್ರೈವರ್ ಒಬ್ಬನೇ. ಅದೂ ಎಂಥ ಕನ್ನಡ! ಅವನಿಗೆ ಬರುವುದು ಮೈದಾನದಲ್ಲಿ ಕೂಗುವ ಕನ್ನಡ ಮಾತ್ರ. ಮೊದಲ ದಿನ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಬರಮಾಡಿಕೊಂಡದ್ದೇ ಹೀಗೆ: "ಓಡು! ಹತ್ತು! ಜಾಗ ಹಿಡಿ! ನಿದ್ದೆ ಮಾಡ್ತಿದೀಯಾ?" ಹಳೆಯ ಮನುಷ್ಯ, ಹಿಂದೆ ಬಂದ ತಂಡಗಳಿಂದ ಕಲಿತಿದ್ದಾನೆ ಅಂದುಕೊಂಡು ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು.

ಗ್ಯಾಲರಿಯ ಹಿಂದೆ ಬಸ್ಸಿನ ಕನ್ನಡಿ ಒರೆಸುತ್ತಿದ್ದವನನ್ನು ಎಳೆದುಕೊಂಡು ಹೋದೆ.

ಆಟಗಾರ್ತಿಯರ ಕೋಣೆಯ ಹೊರಗೆ ಒಂದು ಓಣಿ. ಸಾಲಾಗಿ ಒರಗಿಸಿಟ್ಟ ಸ್ಟಿಕ್ಕುಗಳು, ತೊಟ್ಟಿಕ್ಕುವ ನಲ್ಲಿ, ಒದ್ದೆ ಹುಲ್ಲಿನ ಮತ್ತು ನೋವಿನ ಎಣ್ಣೆಯ ವಾಸನೆ. ಯಾವ ದೇಶಕ್ಕೆ ಹೋದರೂ ಈ ವಾಸನೆ ಮಾತ್ರ ನನಗೆ ತವರು. ಹನ್ನೊಂದನೆಯವಳು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮಂಡಿಯೂರಿ ಪಟ್ಟಿ ಮುಟ್ಟಿ ನೋಡಿದೆ. ಅಂಚು ಇನ್ನೂ ಸುರುಳಿಯಾಗಿರಲಿಲ್ಲ. ಇವತ್ತೇ ಕಟ್ಟಿದ್ದು.

"ಇದನ್ನ ಯಾರು ಕಟ್ಟಿದ್ದು ಅಂತ ಕೇಳಪ್ಪ."

ಡ್ರೈವರ್ ಕೇಳಿದ. ಹನ್ನೊಂದನೆಯವಳು ಎರಡು ನಿಮಿಷ ಮಾತಾಡಿದಳು. ನಕ್ಕಳು. ಸೀಟಿ ಊದುವ ಹಾಗೆ ಮಾಡಿದಳು. ಯಾರನ್ನೋ ಬೈಯುವ ಹಾಗೆ ಬೆರಳು ಆಡಿಸಿದಳು. ಕೊನೆಗೆ ಹೆಬ್ಬೆರಳಿನಿಂದ ಡ್ರೈವರನ ಎದೆಗೆ ಎರಡು ಸಲ ತಿವಿದಳು.

"ಏನಂದ್ಲು?"

"ಗೊತ್ತಿಲ್ಲ!"

"ಅಷ್ಟುದ್ದ ಮಾತಿಗೆ ಇಷ್ಟೇನಾ?"

"ಲೈನ್ ಬಿಟ್ಟು ಹೊರಗೆ ಹೋಗು! ಹಿಂದೆ! ಹಿಂದೆ!"

"ನಿನ್ನ ಎದೆ ಯಾಕೆ ತೋರಿಸಿದ್ಲು?"

ಡ್ರೈವರ್ ತನ್ನ ಎದೆಯನ್ನು ಮೊದಲ ಸಲ ನೋಡುವವನಂತೆ ನೋಡಿಕೊಂಡ. "ಗುಂಡಿ," ಅಂದ. "ಗುಂಡಿ ಬಿಚ್ಚಿದೆ!"

ಗುಂಡಿ ಹಾಕೇ ಇತ್ತು.

ಬೆನ್ನು ಹಿಡಿದುಕೊಂಡು, "ಸೊಂಟ ಬಿದ್ದೋಯ್ತಪ್ಪ, ಬಸ್ಸಲ್ಲಿ ಸ್ವಲ್ಪ ಕೂರ್ತೀನಿ," ಅಂದೆ. ನಲವತ್ತೊಂಬತ್ತು ವರ್ಷದ ಹೆಂಗಸು ಸೊಂಟ ಅಂದರೆ ಯಾವ ದೇಶದಲ್ಲೂ ಯಾರೂ ಅನುಮಾನ ಪಡುವುದಿಲ್ಲ.

ನಾಲ್ಕು ದಿನದಿಂದ ಆ ಬಸ್ಸಿನಲ್ಲಿ ಓಡಾಡುತ್ತಿದ್ದರೂ ನಾನು ಕೂರುತ್ತಿದ್ದದ್ದು ಕೊನೇ ಸೀಟಿನಲ್ಲಿ, ಕಾಲು ಚಾಚಲು ಜಾಗವಿದೆ ಅಂತ. ಗೋಡೆ ಮಾತ್ರ ಡ್ರೈವರನ ಬೆನ್ನಿಗೇ ಕೂರುತ್ತಿದ್ದಳು. ಹಿಂದೆ ಕೂತರೆ ಅವಳಿಗೆ ವಾಂತಿ.

ಇವತ್ತು ನಾನು ಡ್ರೈವರನ ಸೀಟಿನಲ್ಲೇ ಹೋಗಿ ಕೂತೆ.

ಸ್ಟಿಯರಿಂಗ್ ಚಕ್ರ ಒಂದು ಕಡೆ ಸೀಳಿತ್ತು. ಸೀಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಅಚ್ಚುಕಟ್ಟು, ಸುಕ್ಕಿಲ್ಲ. ನಾಲ್ಕು ಬೆರಳು ದೂರದಲ್ಲಿ ಏನೂ ಕೆಲಸವಿಲ್ಲದ ಒಂದು ಒಂಟಿ ಸುತ್ತು. ಕೊನೆಯಲ್ಲಿ ಕಿವಿ.

ನಾನು ಪತ್ತೇದಾರಿಣಿಯಂತೆ ಕೊನೇ ಸೀಟಿನಲ್ಲಿ ಕೂತು ಯೋಚಿಸುತ್ತಿದ್ದಾಗ, ವಾಂತಿಗೆ ಹೆದರಿ ಮುಂದೆ ಕೂತವಳು ಮೊದಲ ದಿನವೇ ಪತ್ತೆ ಮಾಡಿದ್ದಳು. ಎಳೆಗರುವಿನಷ್ಟು ಉದ್ದದ ಚೀಲ ಎಲ್ಲಿಂದ ಹೋಯಿತೆಂಬುದೂ ಈಗ ಕಾಲ ಕೆಳಗೇ ಇತ್ತು. ಬಸ್ಸಿನ ಹೊಟ್ಟೆಯಲ್ಲಿ ಅಂಥ ಹತ್ತು ಕರು ಹಿಡಿಸುತ್ತವೆ.

ಡ್ರೈವರ್ ಮೆಟ್ಟಿಲಲ್ಲಿ ನಿಂತಿದ್ದ. ಕೈಯಲ್ಲಿ ಕನ್ನಡಿ ಒರೆಸುವ ಬಟ್ಟೆ.

"ಭಾವ," ಅಂದೆ. "ಮದುವೆಯಾಗಿ ಎಷ್ಟು ವರ್ಷ ಆಯ್ತು?"

ಅವನು ಬಟ್ಟೆಯನ್ನು ನಾಲ್ಕಾಗಿ ಮಡಚಿದ. ಮತ್ತೆ ಬಿಚ್ಚಿದ.

"ಹದಿನೇಳು!" ಅಂತ ಕೂಗಿದ.

"ಮೆಲ್ಲಗೆ."

"ಮೆಲ್ಲಗೆ ಬರಲ್ಲ! ಅವಳು ಮೆಲ್ಲಗೆ ಕಲಿಸಿಲ್ಲ!"

ಸಂಗತಿ ಇಷ್ಟು. ಅಕ್ಕ ಮನೆಯಲ್ಲಿ ಮಾತಾಡುವುದು ಅವನ ಭಾಷೆ. ಕನ್ನಡ ಬರುವುದು ಮೈದಾನದಲ್ಲಿ, ಸಿಟ್ಟು ಬಂದಾಗ. ಅವಳು ಆ ಊರಿನ ತಂಡದ ಕೋಚು. ಗೆರೆಯ ಪಕ್ಕ ನಿಂತು ಹದಿನೇಳು ವರ್ಷ ಅವಳು ಕೂಗಿದ್ದೆಲ್ಲ ಇವನ ಕಿವಿಗೆ ಬಿದ್ದು ಕನ್ನಡವಾಗಿತ್ತು. ಹನ್ನೊಂದನೆಯವಳು ಹೇಳಿದ್ದು ಅದನ್ನೇ: ಕಟ್ಟಿದ್ದು ನಮ್ಮ ಕೋಚು, ಇವನ ಹೆಂಡತಿ.

"ಹುಡುಗಿ ಎಲ್ಲಿ?"

"ನನ್ನ ತಂಗಿ ಮನೆ. ಮಲಗು, ತಿನ್ನು! ಇವತ್ತು ಇಲ್ಲಿ." ಅವನು ಮೈದಾನದ ಕಡೆ ಕೈ ತೋರಿಸಿದ. "ಗೋಲಲ್ಲಿ!"

"ಇವರ ತಂಡದ ಗೋಲಲ್ಲಾ?"

"ಇವರ ಕೀಪರ್ ಬೆರಳು ನೋವು. ಎರಡನೇ ಅರ್ಧ, ಹೊಸ ಹುಡುಗಿ."

"ಅಕ್ಕನಿಗೆ ಗೊತ್ತಾ?"

"ಇಲ್ಲ! ಹೆಲ್ಮೆಟ್ ತೆಗೆದಿಲ್ಲ. ನಿನ್ನೆ ಪ್ರಾಕ್ಟೀಸು, ತೆಗೆದಿಲ್ಲ. ಮಾತಾಡಿಲ್ಲ. ಬರೀ ನೋಡು, ನೋಡು, ನೋಡು."

ನನಗೆ ಅರ್ಥವಾಯಿತು. ಮೂವತ್ತು ಸಲ ಸತ್ತ ಅಮ್ಮ ನಿಜಕ್ಕೂ ಹೇಗಿದ್ದಾಳೆ ಅಂತ ಅವಳು ಹೆಲ್ಮೆಟ್ಟಿನ ಕಂಬಿಗಳ ಸಂದಿಯಿಂದ ಮೊದಲು ನೋಡಬೇಕಾಗಿತ್ತು. ಬಿಟ್ಟುಹೋದವಳ ಮುಂದೆ ಸುಮ್ಮನೆ ಹೋಗಿ ನಿಲ್ಲುವ ಹುಡುಗಿಯಲ್ಲ ಅವಳು.

"ನೀವಾದ್ರೂ ಹೆಂಡತಿಗೆ ಹೇಳಬಾರದಿತ್ತಾ, ನಿನ್ನ ಮಗಳು ಬಂದಿದಾಳೆ ಅಂತ?"

ಅವನು ನನ್ನ ತಲೆಯ ಮೇಲೆ ಕೈ ಚಾಚಿ, ಬಿಸಿಲು ತಡೆಯುವ ಹಲಗೆಯ ಹಿಂದಿನಿಂದ ಒಂದು ಕಾಗದ ತೆಗೆದ. ಒಂದು ಕಾಲದಲ್ಲಿ ಅದನ್ನು ಯಾರೋ ಚೂರು ಚೂರು ಮಾಡಿದ್ದರು. ಇನ್ನಾರೋ ಬಿಳಿ ಪಟ್ಟಿಯಿಂದ ಜೋಡಿಸಿದ್ದರು.

"ಅವಳು ಹರಿದಳು. ನಾನು ಅಂಟಿಸಿದೆ. ಅವಳ ಥರ. ನನಗೆ ಓದಲು ಬರಲ್ಲ. ಏನಿದೆ ಅಂತ ಅವಳು ಹೇಳಿದಳು. ಒಂದು ಸಲ."

ಪಟ್ಟಿಯ ನಡುವೆ ಅಕ್ಷರಗಳು ದುಂಡಗೆ, ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು.

"ವಿಷಯ: ತಮ್ಮ ಮಗು ಮರಣ ಹೊಂದಿರುವ ಬಗ್ಗೆ.

ಉಲ್ಲೇಖ: ಮಗುವನ್ನು ಕಳುಹಿಸಿಕೊಡುವಂತೆ ಕೋರಿ ತಾವು ಬರೆದ ಪತ್ರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮಗುವು ಜ್ವರದಿಂದ ಮೃತಪಟ್ಟಿರುವುದರಿಂದ ಕಳುಹಿಸಲು ಅವಕಾಶವಿರುವುದಿಲ್ಲ. ಆದ ಕಾರಣ ತಾವು ಬರುವ ಅಗತ್ಯವೂ ಇರುವುದಿಲ್ಲವೆಂದು ತಿಳಿಯಪಡಿಸಲಾಗಿದೆ."

ಅದನ್ನು ನಾನು ಎರಡು ಸಲ ಓದಿದೆ. ಮೂವತ್ತು ಸುಳ್ಳು ಹೇಳಿದವಳು ನಾನು, ಮೂವತ್ತನ್ನೂ ಒಟ್ಟಿಗೆ ಕಟ್ಟಿ ತಕ್ಕಡಿಗೆ ಹಾಕಿದರೂ ಈ ನಾಲ್ಕು ಸಾಲು ಮೇಲೇಳುವುದಿಲ್ಲ. ಮಗಳಿಗೆ ಅಮ್ಮ ಸತ್ತಿದ್ದಳು. ಅಮ್ಮನಿಗೆ ಮಗಳು ಸತ್ತಿದ್ದಳು. ಅಕ್ಕ ಮಗುವನ್ನು ಕರೆಸಿಕೊಳ್ಳಲು ಮನೆಗೆ ಪತ್ರ ಬರೆದಿದ್ದಳು. ಆ ಪತ್ರವನ್ನು ನಾನು ಕಂಡೇ ಇರಲಿಲ್ಲ.

"ಸತ್ತ ಮಗು ಬಂತು ಅಂತ ಹೇಗೆ ಹೇಳಲಿ?" ಅಂದ ಭಾವ. ಮೊದಲ ಸಲ ಅವನ ದನಿ ಇಳಿದಿತ್ತು. "ಈ ಭಾಷೇಲಿ ಆ ಮಾತು ಕಲಿತಿಲ್ಲ. ನನ್ನ ಭಾಷೇಲೂ ಬರಲ್ಲ."

ಮೈದಾನದಲ್ಲಿ ಸೀಟಿ ಊದಿತು. ಕಾಗದ ಮಡಚಿ ಕುಪ್ಪಸದೊಳಗೆ ಸೇರಿಸಿದೆ. ಹೆಣದ ಸುದ್ದಿಗೆ 'ವಿಷಯ', 'ಉಲ್ಲೇಖ' ಹಾಕಿ ಬರೆಯುವ ಮನುಷ್ಯ ನನ್ನ ಬಳಗದಲ್ಲಿ ಒಬ್ಬರೇ. ಅವರು ಗ್ಯಾಲರಿಯ ಎರಡನೇ ಸಾಲಿನಲ್ಲಿ ನನಗೆ ಜಾಗ ಹಿಡಿದುಕೊಂಡು ಕೂತಿದ್ದರು.

"ತಡ ಆಯ್ತು," ಅಂದರು ಸಾಹೇಬರು.

"ಕ್ಯೂ ಇತ್ತು."

ಗೋಲಿನ ಮುಂದೆ ಹೊಸ ಕೀಪರ್ ನಿಂತಿದ್ದಳು. ಬೇರೆ ತಂಡದ ಅಂಗಿ, ಮುಖದ ಮೇಲೆ ಹೆಲ್ಮೆಟ್ಟಿನ ಕಂಬಿ. ಎಡಗಡೆಯ ಕಂಬವನ್ನು ಹಿಮ್ಮಡಿಯಿಂದ ಎರಡು ಸಲ ಒದ್ದಳು. ಏಳನೇ ವಯಸ್ಸಿನಿಂದ ಅವಳು ಅದನ್ನು ಹೀಗೆಯೇ ಒದೆಯುತ್ತಾಳೆ, ಕಂಬ ಅಲ್ಲೇ ಇದೆ ಅಂತ ಖಾತ್ರಿಯಾಗಲಿ ಅಂತ.

ಆ ಕಡೆ ಗೆರೆಯ ಪಕ್ಕ, ನಮಗೆ ಬೆನ್ನು ಹಾಕಿ ಒಬ್ಬ ಹೆಂಗಸು. ಕೂದಲು ಅರ್ಧ ಬೆಳ್ಳಗೆ. ಭಾರವನ್ನೆಲ್ಲ ಒಂದು ಕಾಲಿನ ಮೇಲೆ ಹಾಕಿ, ಎಡಗೈ ಸೊಂಟಕ್ಕಿಟ್ಟು ನಿಂತಿದ್ದಳು. ಚಿಕ್ಕವಳಿದ್ದಾಗ ಅದೇ ಸೊಂಟದ ಮೇಲೆ ಕೂತು ನಾನು ಊರೆಲ್ಲ ಸುತ್ತಿದ್ದೇನೆ. ಕಾಲು ನೋಡಿ ಜನರನ್ನು ಗುರುತಿಸುವುದು ನನ್ನ ಕಸುಬು, ಆದರೆ ಆಗ ಕಾಲು ಸರಿಯಾಗಿ ಕಾಣಿಸಲಿಲ್ಲ. ಕಣ್ಣಿಗೆ ಏನೋ ಬಿದ್ದಿತ್ತು.

"ಓಡು!" ಎಂಬ ಕೂಗು ಮೈದಾನ ದಾಟಿ ಬಂತು. "ಕಣ್ಣೆಲ್ಲಿಟ್ಟಿದೀಯೇ ಕತ್ತೆ!"

ಗೋಡೆ ಆ 'ಕತ್ತೆ' ಕೇಳಿಬಂದ ಕಡೆ ತಿರುಗಿ ನೋಡಿದಳು. ಚೆಂಡು ಬಂತು. ಇಡೀ ಮೈಯನ್ನು ಎಸೆದು ಹಿಡಿದಳು.

"ಭೇಷ್!" ಅಂದರು ಸಾಹೇಬರು, ತಡೆಯಲಾಗದೆ. "ಇಂಥ ಕೀಪರ್ ನಮಗೊಬ್ಬಳು ಇದ್ದಿದ್ರೆ!" ಬೈನಾಕ್ಯುಲರ್ ಎತ್ತಿದರು. ಇಳಿಸಲಿಲ್ಲ. ಆಟ ಇತ್ತ ಬಂತು, ಅತ್ತ ಹೋಯಿತು. ಅವರ ಬೈನಾಕ್ಯುಲರ್ ಮಾತ್ರ ಗೋಲಿನಲ್ಲೇ ನಿಂತಿತ್ತು.

ಆಟ ಮುಗಿಯಲು ಐದು ನಿಮಿಷವಿದ್ದಾಗ ಅಂದರು: "ಆ ಹೆಲ್ಮೆಟ್ ನಮ್ಮದು."

"ಹೆಲ್ಮೆಟ್ ಎಲ್ಲಾ ಒಂದೇ ಥರ ಇರ್ತಾವೆ ಸಾಹೇಬ್ರೇ."

"ಹಿಂದ್ಗಡೆ ಬಿಳಿ ಬಣ್ಣದಲ್ಲಿ ನಾಲ್ಕು ಅಂತಿದೆ. ಬರೆದೋನು ನಾನು. ನಾಲ್ಕರ ಬಾಲ ಸ್ವಲ್ಪ ಸೊಟ್ಟ." ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. "ಪ್ರವಾಸದಲ್ಲಿ ಬೇರೆ ತಂಡಕ್ಕೆ ಆಡೋದು! ಇದಕ್ಕೆ ಈ ನಮೂನೆ ಸಾಲಲ್ಲ. ಬೇರೆ ಇದೆ. ಆರು ಗಂಟೆ ತನಕ ಕಾಯೋ ಹಾಗೂ ಇಲ್ಲ. ಈಗಲೇ ಹೋಗಿ ಹಿಡೀತೀನಿ."

ತಡೆಯಬೇಕು ಅನ್ನಿಸಿತು. ಆಮೇಲೆ ಅನ್ನಿಸಲಿಲ್ಲ. ಗೋಲಿಗೆ ಹೋಗುವ ದಾರಿ ಆ ಹೆಂಗಸಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು.

"ಹೋಗಿ ಬನ್ನಿ," ಅಂದೆ. "ಹೋಗ್ತಾ ದಾರೀಲಿ ಆ ಕೋಚಮ್ಮನಿಗೆ ಇದನ್ನ ಕೊಟ್ಬಿಡಿ. ನಿಮ್ಮದೇ ಕಾಗದ. ಎಂದೋ ತಲುಪಿದೆ, ಉತ್ತರ ಬಂದಿಲ್ಲ."

ಅವರು ಕಾಗದ ನೋಡಿದರು. ಗೆರೆಯ ಪಕ್ಕದ ಹೆಂಗಸನ್ನು ನೋಡಿದರು. ನಿಧಾನವಾಗಿ ಕೂತರು. ಬೆವರುತ್ತಾರೆ, ಓಡುತ್ತಾರೆ, ಇಲ್ಲವೇ ನನ್ನ ಕಾಲಿಗೆ ಬೀಳುತ್ತಾರೆ ಅಂದುಕೊಂಡಿದ್ದೆ. ಮೂರೂ ಆಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಅಕ್ಷರ ನಂದೇ," ಅಂದರು.

"ಬದುಕಿರೋ ಮಗೂನ ಸತ್ತಿದೆ ಅಂತ ಯಾಕ್ರೀ ಬರೆದ್ರಿ?"

"ನನಗೇನ್ರೀ ಗೊತ್ತು? ನಿಮ್ಮ ಅಕ್ಕನ ನಮೂನೆಗೆ ಮನೆಯವರ ರುಜು ಬೇಕಿತ್ತು, ಬಂದಿದ್ದೆ. ನೀವು ಕೆಲಸಕ್ಕೆ ಹೋಗಿದ್ರಿ. ಕೂರಿಸಿದ್ರು, ಕಾಫಿ ಕೊಟ್ರು. 'ಒಂದು ಕಾಗದ ಬರ್ಕೊಡಪ್ಪ, ನನಗೆ ಅಕ್ಷರ ಬರಲ್ಲ' ಅಂದ್ರು. ನಿಮ್ಮ ಅಕ್ಕನ ಪತ್ರ ನನ್ನ ಕೈಲೇ ಓದಿಸಿದ್ರು, ವಿಳಾಸ ಅದರಲ್ಲೇ ಇತ್ತು. ಅವರು ಹೇಳಿದ್ರು, ನಾನು ಬರೆದೆ. ಹೇಳಿದ್ದು ನಿಜಾನಾ ಅಂತ ನೋಡೋದು ನನ್ನ ವಿಭಾಗ ಅಲ್ಲ."

"ಯಾರು ಹೇಳಿದ್ರು?"

"ರುಜು ಇಲ್ಲದೆ ನಾನು ಒಂದು ಕಾಗದಾನೂ ಹೊರಗೆ ಬಿಟ್ಟಿಲ್ಲ. ಕೆಳಗೆ ನೋಡ್ರಿ."

ಕಾಗದದ ಬಲಮೂಲೆಯ ಮೇಲೆ ಭಾವನ ಪಟ್ಟಿ ಎರಡು ಪದರ ಕೂತಿತ್ತು. ತುದಿಯಲ್ಲಿ ಪುಟ್ಟ ಕಿವಿ. ಹಿಡಿದು ಎಳೆದೆ. ಒಂದೇ ಎಳೆತಕ್ಕೆ ಪೂರ್ತಿ ಬಂತು.

ಕೆಳಗೆ ನೇರಳೆ ಶಾಯಿಯಲ್ಲಿ ಒಂದು ಹೆಬ್ಬೆಟ್ಟು. ನಡುವೆ ಓರೆಯಾಗಿ ಬಿಳಿಯ ಗೀರು.

ಮೈದಾನದಲ್ಲಿ ಕೊನೆಯ ಸೀಟಿ ಊದಿತು. ಆಟಗಾರ್ತಿಯರು ಕೈ ಕುಲುಕತೊಡಗಿದರು. ಅರ್ಧ ಬೆಳ್ಳಿಗೂದಲಿನ ಹೆಂಗಸು ಗೆರೆ ದಾಟಿ ಗೋಲಿನ ಕಡೆ ಹೊರಟಳು, ಹೊಸ ಕೀಪರಿನ ಬೆನ್ನು ತಟ್ಟಲು. ಗೋಡೆ ಅಲುಗಾಡದೆ ನಿಂತಿದ್ದಳು. ಅವಳ ಬಲಗೈ ಮೆಲ್ಲಗೆ ಗಲ್ಲದ ಕೆಳಗಿನ ಬೆಲ್ಟಿಗೆ ಹೋಯಿತು.

ಸರಿಯಾಗಿ ನಾಲ್ಕೂವರೆಗೆ ನನ್ನ ಚೀಲದಲ್ಲಿ ಫೋನು ಹೊಡೆದುಕೊಂಡಿತು. ದಿನಾ ಇದೇ ಹೊತ್ತಿಗೆ ಹೊಡೆದುಕೊಳ್ಳುತ್ತದೆ. ನಿನ್ನೆ ಹುಡುಗಿ ಸ್ನಾನಕ್ಕೆ ಹೋಗಿದ್ದಾಳೆ ಅಂದಿದ್ದೆ. ಇವತ್ತಿಗೆ ಬೇರೆ ಏನೂ ಹೊಂಚಿಕೊಂಡಿರಲಿಲ್ಲ.

"ಹಲೋ, ಅಮ್ಮ."

"ಯಾಕೆ ಧ್ವನಿ ಹೀಗಿದೆ? ಊಟ ಆಯ್ತಾ? ಹುಡುಗಿ ಇನ್ನೂ ಸ್ನಾನಾನೇ ಮಾಡ್ತಿದಾಳಾ? ಅವಳ ಕೈಗೆ ಕೊಡು ಫೋನು."

ಮೈದಾನದ ಆ ತುದಿಯಲ್ಲಿ ಬೆಲ್ಟು ಬಿಚ್ಚಿಕೊಂಡಿತು. ಬೆಳ್ಳಿಗೂದಲಿನ ಹೆಂಗಸು ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಪಕ್ಕದಲ್ಲಿ ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ನಮೂನೆಯ ಮೇಲೆ ಹಿಡಿದು, ನನ್ನ ಮುಖವನ್ನೇ ನೋಡುತ್ತಿದ್ದರು.

"ಕೊಡ್ತೀನಿ ಅಮ್ಮ," ಅಂದೆ. "ನಿನ್ನ ಮಗಳಿಗೆ ಕೊಡ್ಲಾ, ಮೊಮ್ಮಗಳಿಗೆ ಕೊಡ್ಲಾ? ಇಬ್ರೂ ಇಲ್ಲೇ ಇದಾರೆ."